ದಸ್ತಗೀರ ಮಾಸ್ತರರ ಸರಪಳಿ

ನಮ್ಮ ಗುಡಿಸಲ ಮುಂದಿನ ಜಾಲಿಬೇಲಿಯ ಮೇಲೆ ಮೊಳದುದ್ದದ ಬಿಳಿ ವಸ್ತ್ರವೊಂದು ಒಣಗುತ್ತಿದ್ದರೆ ಅವತ್ತು ಆಟವಿದೆಯೆಂದು ಕೇರಿಗೆಲ್ಲ ತಿಳಿಯುತ್ತಿತ್ತು. ಅವ್ವ ಅದನ್ನು ನೀಲಿ ಹಾಕಿ ಒಗೆಯುತ್ತಿದ್ದಳು. ಮನೆಯ ಬೇರೆ ಯಾವ ಬಟ್ಟೆಗೂ ಆ ನೀಲಿಯ ಭಾಗ್ಯವಿರಲಿಲ್ಲ. ಸಂಜೆ ನಾನು ಅದನ್ನು ಬಲ ಮಣಿಕಟ್ಟಿಗೆ ಸುತ್ತಿ, ಗಂಟು ಬಿಗಿದು, ಒಂದು ತುದಿಯನ್ನು ಗೇಣುದ್ದ ಇಳಿಬಿಟ್ಟು ಗಿರಣಿಯ ಮೈದಾನಕ್ಕೆ ಹೊರಡುತ್ತಿದ್ದೆ. ಕಟ್ಟೆಯ ಮೇಲಿನ ಮುದುಕಿಯರು, “ನೋಡ್ರೆವಾ, ಕಂಕಣಾ ಕಟಗೊಂಡು ಮದುಮಗ ಹೊಂಟ” ಎಂದು ನಗುತ್ತಿದ್ದರು.

ನೂಲಿನ ಗಿರಣಿಯ ಕಬಡ್ಡಿ ತಂಡದಲ್ಲಿ ನಾನು ಎಡಮೂಲೆಯವ. ಎದುರಾಳಿ ಉಸಿರು ಕಟ್ಟಿ ನಮ್ಮ ಅಂಗಳಕ್ಕೆ ನುಗ್ಗಿದಾಗ ಅವನ ಪಾದ ಹಿಡಿಯುವುದು ನನ್ನ ಕೆಲಸ. ಹಿಡಿದರಷ್ಟೇ ಸಾಲದು. ನನ್ನ ಬಲಕ್ಕೆ ನಿಂತವನು ನನ್ನೊಂದಿಗೆ ಸರಪಳಿಯಾಗಿ ಸುತ್ತಿ ಬಂದು ಅವನ ದಾರಿ ಮುಚ್ಚಬೇಕು. ಆ ಬಲಬದಿಯವನು ಗುರುಪಾದಯ್ಯ, ಮಠದ ಓಣಿಯ ಹುಡುಗ, ಗಿರಣಿಯಲ್ಲಿ ಗುಮಾಸ್ತ. ಬಾಯಿ ತೆರೆದರೆ ನಗೆ, ಹಣೆಯ ತುಂಬ ವಿಭೂತಿ.

ದಸ್ತಗೀರ ಮಾಸ್ತರರು ನಮಗೆ ಕೋಚ್ ಆಗಿ ಬಂದಾಗ ಅವರ ಹೆಸರು ಅವರಿಗಿಂತ ಮೊದಲೇ ಊರು ಸೇರಿತ್ತು. ಒಂದು ಕಾಲದಲ್ಲಿ ಅವರ ಉಸಿರಿಗೆ ಹೆದರಿ ತಂಡಗಳು ಎರಡು ಹೆಜ್ಜೆ ಹಿಂದೆ ನಿಲ್ಲುತ್ತಿದ್ದವಂತೆ. ಮೊಣಕಾಲು ಮುರಿದ ಮೇಲೆ ಬೇರೆಯವರನ್ನು ಆಡಿಸಿದರು. ಗೆದ್ದ ಊರಿನಲ್ಲಿ ಅವರನ್ನು ಅಂಬಾರಿಯಲ್ಲಿ ಕೂರಿಸುವುದೊಂದು ಬಾಕಿ. ಸೋತ ಊರಿನಲ್ಲಿ ಚಪ್ಪಲಿ ತೂರುವುದೂ ಬಾಕಿ ಉಳಿದಿರಲಿಲ್ಲ. ಎರಡನ್ನೂ ಅವರು ಒಂದೇ ಮುಖದಲ್ಲಿ ಸ್ವೀಕರಿಸಿದ್ದರೆಂದು ಕೇಳಿದ್ದೆ, ನಂಬಿರಲಿಲ್ಲ.

ನಂಬುವ ದಿನ ಬಂತು. ಮೊದಲ ವರ್ಷ ನಮ್ಮಲ್ಲಿ ಮೈಲಾರಿಯೆಂಬ ದಾಳಿಗಾರನಿದ್ದ. ಅವನು ಹೋದರೆ ಬರಿಗೈಯಲ್ಲಿ ಬಂದವನಲ್ಲ. ಜಿಲ್ಲಾ ಪಂದ್ಯಾವಳಿಯ ಶೀಲ್ಡ್ ನಮ್ಮದಾಯಿತು. ಪೇಟೆಯ ಸ್ಟುಡಿಯೋದವನು ಮಾಸ್ತರರ ಹಾರ ಹಾಕಿದ ಫೋಟೊವನ್ನು ಗಾಜಿನ ಕಪಾಟಿನಲ್ಲಿಟ್ಟ. ಕ್ಷೌರದಂಗಡಿಯಲ್ಲಿ ಅವರು ಕಾಲಿಟ್ಟರೆ ಅರ್ಧ ಗಡ್ಡದವರೂ ಕುರ್ಚಿ ಬಿಟ್ಟು ಏಳುತ್ತಿದ್ದರು. ಮರುವರ್ಷ ಮೈಲಾರಿಯನ್ನು ಬೇರೆ ತಂಡದವರು ಎಳೆದುಕೊಂಡರು. ಫೈನಲಿನಲ್ಲಿ ನಾವು ಸೋತೆವು. ಸೋಲೆಲ್ಲ ಒಂದೇ ಕಡೆಯಿಂದ ಸೋರಿತ್ತು. ಎದುರಾಳಿಗಳು ಒಬ್ಬರ ಹಿಂದೊಬ್ಬರು ಎಡಕ್ಕೇ ನುಗ್ಗಿದರು. ನಾನು ಪಾದ ಹಿಡಿಯುತ್ತಿದ್ದೆ, ಅವರು ನನ್ನನ್ನೂ ಎಳೆದುಕೊಂಡು ಪಕ್ಕದ ಸಂದಿನಿಂದ ಪಾರಾಗುತ್ತಿದ್ದರು.

“ಕೈ ಉಳಕೇತೇನೋ ತಮ್ಮಾ?” ಎಂದು ಮಾಸ್ತರರು ನನ್ನ ಮಣಿಕಟ್ಟಿನ ವಸ್ತ್ರ ನೋಡಿ ಆ ಸಂಜೆ ಕೇಳಿದರು. “ಹರಳೆಣ್ಣಿ ಕಾಸಿ ಹಚ್ಚು. ಒಂದ ವರ್ಷದಿಂದ ನೋಡಾಕತ್ತೇನಿ, ನಿನ್ನ ಕೈ ಆರಾಮ ಆಗವಲ್ದು.”

ನಾನು ತಲೆಯಾಡಿಸಿದೆ. ಸುತ್ತ ನಿಂತವರೆಲ್ಲ ತಂತಮ್ಮ ಕಾಲ್ಬೆರಳು ನೋಡಿಕೊಂಡರು.

ಆ ವಾರವೇ ಮಾಸ್ತರರನ್ನು ತೆಗೆದರು. ಸ್ಟುಡಿಯೋದ ಕಪಾಟಿನಲ್ಲಿ ಅವರ ಜಾಗಕ್ಕೆ ಯಾವುದೋ ಮದುವೆಯ ಜೋಡಿ ಬಂದು ಕುಳಿತಿತು. ಅವರು ಊರು ಬಿಡಲಿಲ್ಲ. ಬಸ್‌ಸ್ಟ್ಯಾಂಡಿನ ಹಿಂದೆ ಸೈಕಲ್ ರಿಪೇರಿಯ ಬಾಗಿಲು ತೆರೆದರು. ಗಿರಣಿಯ ಗೇಟಿನಲ್ಲಿ ಅವರನ್ನು ಒಳಗೆ ಬಿಡಕೂಡದೆಂದು ಅಪ್ಪಣೆಯಾಗಿತ್ತು. ಆದರೆ ಆಟ ನೋಡುವ ಚಟಕ್ಕೆ ಗೇಟು ಯಾಕೆ ಬೇಕು? ಮೈದಾನದ ಹಿಂಗೋಡೆಯ ಮೇಲೆ, ನಮ್ಮ ಬೆನ್ನ ಹಿಂದೆ, ಕುಂಟುಗಾಲು ಇಳಿಬಿಟ್ಟುಕೊಂಡು ದಿನಾ ಸಂಜೆ ಕೂತಿರುತ್ತಿದ್ದರು. ಹೊಸ ಕೋಚ್ ಸೀಟಿ ಊದಿದ್ದೇ ಊದಿದ್ದು. ಆ ವರ್ಷ ನಾವು ಫೈನಲಿನ ಮುಖವನ್ನೂ ಕಾಣಲಿಲ್ಲ.

ಗಿರಣಿಯ ಕ್ರೀಡಾ ಕಾರ್ಯದರ್ಶಿ ಚನ್ನವೀರಗೌಡರು ಸೈಕಲ್ ಅಂಗಡಿಗೇ ಹೋಗಿ ಮಾಸ್ತರರನ್ನು ಕರೆದರು. ನಾನು ಅಲ್ಲೇ ಪಂಕ್ಚರ್ ತಿದ್ದಿಸಿಕೊಳ್ಳುತ್ತಿದ್ದೆ.

“ಇದು ಕಡೀ ಮಾತ ನೋಡ್ರಿ ಮಾಸ್ತರ. ಈ ವರ್ಷ ಶೀಲ್ಡ್ ಬಂತು, ನೀವ ಇರೂಮಟಾ ನೀವ ಕೋಚ್. ಬರಲಿಲ್ಲ, ಇನ್ನ ಈ ಊರಾಗಷ್ಟ ಅಲ್ಲ, ಯಾವ ಊರಾಗೂ ನಿಮ್ಮನ್ನ ಮೈದಾನ ಹತ್ತಿಸಗೊಡಂಗಿಲ್ಲ.”

“ಆತ್ರಿ ಗೌಡ್ರ,” ಎಂದರು ಮಾಸ್ತರರು, ಕೈಗಂಟಿದ ಎಣ್ಣೆಯನ್ನು ಮಣ್ಣಿನಲ್ಲಿ ಉಜ್ಜಿಕೊಳ್ಳುತ್ತ. “ಆದರ ಆಟ ಹೆಂಗ ಆಡಸಬೇಕು ಅನ್ನೂದು ನಂದು.”

“ಅದು ನಿಮ್ದ ಬಿಡ್ರಿ.”

ಆಡಿಸದೆ ಅವರು ಬದುಕಲಾರರು ಎಂಬುದು ಗೌಡರಿಗೆ ಗೊತ್ತಿತ್ತು. ಅದಕ್ಕೇ ಆ ಕೊಕ್ಕೆ.

ಮರುದಿನ ಅಭ್ಯಾಸಕ್ಕೆ ಬಂದವರೇ ಮಾಸ್ತರರು ನೆಟ್ಟಗೆ ನನ್ನ ಮುಂದೆ ನಿಂತರು. ವಸ್ತ್ರದ ಇಳಿಬಿದ್ದ ತುದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

“ನಾ ಕೋಚ್ ಇದ್ದಾಗ ಯಾವಾಗ್ಲೂ ಮುಂದ ನಿಂತು ನಿಮ್ಮ ಕಣ್ಣು, ಕಾಲು ನೋಡ್ತಿದ್ದೆ. ಹೊರಗ ಹಾಕಿದ ಮ್ಯಾಲ ಗ್ವಾಡಿ ಮ್ಯಾಲ ಕುಂತು ಹಿಂದಿಂದ ನೋಡಿದೆ. ಹಿಂದಿಂದ ಕೈ ಕಾಣತಾವ.” ಅವರು ಗುರುಪಾದಯ್ಯನ ಕಡೆ ತಿರುಗಿದರು. “ಏನಪಾ ಅಯ್ಯಾ, ನೀ ಇವನ ಕೈ ಹಿಡೀತೀಯೋ, ಈ ಅರಿವಿ ಹಿಡೀತೀಯೋ?”

ಗುರುಪಾದಯ್ಯ ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡ.

ಹೌದು, ಅವನು ವಸ್ತ್ರದ ತುದಿ ಹಿಡಿಯುತ್ತಿದ್ದ. ಅವನಿಗಿಂತ ಮೊದಲು ಆ ಜಾಗದಲ್ಲಿ ಆಡಿದವರೂ ಹಾಗೇ ಹಿಡಿದಿದ್ದರು. ನನಗಿಂತ ಮೊದಲು ಎಡಮೂಲೆಯಲ್ಲಿ ನಿಂತಿದ್ದ ನಮ್ಮ ಕೇರಿಯ ದುರುಗಪ್ಪ ಕಾಕಾ ಕೂಡ ವಸ್ತ್ರ ಕಟ್ಟಿಯೇ ಆಡಿದವನು. ಆಟ ಬಿಟ್ಟ ದಿನ ಅದನ್ನು ನನ್ನ ಕೈಗೆ ತಾನೇ ಕಟ್ಟಿದ್ದ. ಎದುರಾಳಿಯನ್ನು ಹಿಡಿಯುವಾಗ ಎಲ್ಲರೂ ಎಲ್ಲರ ಮೈಮೇಲೆ ಬೀಳುತ್ತಿದ್ದರು. ಅದು ಜಗಳವಿದ್ದ ಹಾಗೆ, ಜಗಳಕ್ಕೆ ಮೈಲಿಗೆಯಿಲ್ಲ. ಆದರೆ ನಿಂತು, ನೋಡಿ, ಬೇಕೆಂದೇ ನಮ್ಮ ಕೈ ಹಿಡಿಯುವುದು ಬೇರೆ. ಆ ಬೇರೆಯನ್ನು ಕಾಯಲು ಊರು ಒಂದು ಮೊಳ ಬಟ್ಟೆ ನೇಮಿಸಿತ್ತು. ಎದುರಾಳಿ ಜಗ್ಗಿದೊಡನೆ ಬಟ್ಟೆ ಹಿಗ್ಗುತ್ತಿತ್ತು, ಜಾರುತ್ತಿತ್ತು, ಅಲ್ಲೊಂದು ಬಾಗಿಲು ತೆರೆದುಕೊಳ್ಳುತ್ತಿತ್ತು. ಶೀಲ್ಡು ಆ ಬಾಗಿಲಿನಿಂದಲೇ ಹೊರಗೆ ಹೋಗಿತ್ತು. ಅಷ್ಟು ಜನ ಆಟ ಬಲ್ಲವರು, ಲೆಕ್ಕ ಬಲ್ಲವರು, ಶಾಸ್ತ್ರ ಬಲ್ಲವರು. ಕಣ್ಣೆದುರಿನ ತೂತು ನಮ್ಮೂರಿನವರಲ್ಲಿ ಒಬ್ಬರಿಗೂ ಕಾಣಲಿಲ್ಲ. ಕಾಣಬಾರದೆಂದು ಹುಟ್ಟಿದಂದಿನಿಂದ ಕಲಿತಿದ್ದರು.

“ಬಿಚ್ಚು,” ಎಂದರು ಮಾಸ್ತರರು.

“ಬಿಚ್ಚಿದ್ರ ನಾ ತಂಡದಾಗ ಇರಂಗಿಲ್ರಿ ಸರ್.”

“ಬಿಚ್ಚಲಿಲ್ಲಂದ್ರ ನಾ ಇರಂಗಿಲ್ಲ.”

ಬಿಚ್ಚಿದೆ. ಬಿಸಿಲು ಕಾಣದ ಮಣಿಕಟ್ಟು ಬಿಳಿಚಿಕೊಂಡಿತ್ತು. ಎಲ್ಲರೂ ಅದನ್ನೇ ನೋಡಿದರು. ಅಂಗಿ ಕಳಚಿ ನಿಂತವನಂತೆ ನನಗೆ ನಾಚಿಕೆಯಾಯಿತು.

ಮಾಸ್ತರರು ಉಪದೇಶ ಮಾಡಲಿಲ್ಲ. ಗುರುಪಾದಯ್ಯನನ್ನು ಆಚೆ ಅಂಗಳಕ್ಕೆ ಕಳಿಸಿ, ಅವನ ಜಾಗದಲ್ಲಿ ಮುರಿದ ಮೊಣಕಾಲೂರಿ ತಾವೇ ನಿಂತು ನನ್ನ ಕೈ ಹಿಡಿದರು. ಸ್ಪ್ಯಾನರ್ ಹಿಡಿದು ಗಡುಸಾದ ಬಿಸಿ ಅಂಗೈ. ಕೇರಿಯ ಹೊರಗಿನ ಕೈಯೊಂದು ನನ್ನ ಕೈಯೊಳಗೆ ಅವತ್ತೇ ಮೊದಲು ಬಂದದ್ದು. ಅದರ ಭಾರ ಎಷ್ಟೆಂದು ಹೇಳಲು ನಾನು ಎಷ್ಟೋ ಪುಸ್ತಕ ಓದಿದೆ, ಎಷ್ಟೋ ಸಭೆಗಳಲ್ಲಿ ಕೂಗಿದೆ. ಇನ್ನೂ ಹೇಳಲಾಗಿಲ್ಲ.

“ಬಾರಪಾ ಅಯ್ಯಾ. ನುಗ್ಗು. ಊರ ಮಂದಿ ನುಗ್ಗಿದಂಗ ಎಡಕ್ಕ ನುಗ್ಗು.”

ಗುರುಪಾದಯ್ಯ ನುಗ್ಗಿದ. ನಾನು ಪಾದ ಹಿಡಿದೆ. ಆ ಕುಂಟ ಮುದುಕ ನನ್ನ ಕೈಯ ಗೂಟಕ್ಕೆ ಕಟ್ಟಿದ ಹಗ್ಗದಂತೆ ಸುತ್ತಿ ಬಂದು ದಾರಿ ಮುಚ್ಚಿದರು. ಮತ್ತೆ ನುಗ್ಗಿದ, ಮತ್ತೆ ಸಿಕ್ಕಿಬಿದ್ದ. ಕೊನೆಗೆ ಮಣ್ಣಿನಲ್ಲಿ ಕೂತು ಏದುಸಿರಿನಲ್ಲೇ ನಗತೊಡಗಿದ.

“ಅಂದ್ರ ಸರ್, ಇಷ್ಟ ದಿನ ನಾವು ಬಾಗಲಾ ತಗದ ಇಟ್ಟು ಕಿಡಕಿಗೆ ಕಾವಲಾ ಕುಂತಿದ್ವಿ ಅನ್ರಿ.”

“ಬಾಗಲಾ ಹಾಕತೀಯೇನು?”

ಅವನ ನಗೆ ಇಳಿಯಿತು. “ನಮ್ಮವ್ವಗ ಗೊತ್ತಾದ್ರ ಮನ್ಯಾಗ ಕರ್ಕೊಳ್ಳಂಗಿಲ್ರಿ.”

“ನಾ ಒತ್ತಾಯ ಮಾಡಂಗಿಲ್ಲ. ಒತ್ತಾಯದ ಕೈ ಜಾರತದ. ಅವತ್ತಿನ ದಿನ ನಿನ್ನ ಕೈ ಯಾರ ಮಾತ ಕೇಳತದೋ ಕೇಳಲಿ.”

ಸುದ್ದಿ ಗೌಡರಿಗೆ ಮುಟ್ಟಿತು. ಅವರು ಜಗಳಕ್ಕೆ ಬರಲಿಲ್ಲ. ಗೌಡರಂಥವರು ಯಾವಾಗಲೂ ಸುಲಭದ ದಾರಿ ಹುಡುಕಿಕೊಂಡೇ ಬರುತ್ತಾರೆ. “ಆ ಹುಡುಗನ್ನ ಕೂಡ್ರಿಸಿ ಬ್ಯಾರೆ ಯಾರನ್ನರ ಹಚ್ರಿ ಮಾಸ್ತರ. ಅರಿವೀನೂ ಬ್ಯಾಡ, ಗದ್ಲಾನೂ ಬ್ಯಾಡ.”

“ಬ್ಯಾರೆಯವರು ಪಾದ ಹಿಡಿಯೂದು ನೋಡೇನ್ರಿ. ಬೀಗರ ಕಾಲಿಗಿ ನೀರ ಕೊಟ್ಟಂಗ ಹಿಡೀತಾರ. ಆಟ ಹೆಂಗ ಆಡಸಬೇಕು ಅನ್ನೂದು ನಂದು ಅಂತ ಒಪ್ಪಿದ್ರಲಾ ಗೌಡ್ರ.”

“ಸೋತ್ರ?”

“ಸೋತ್ರ ಸೈಕಲ್ ಅಂಗಡೀನೂ ಊರೂ ಎರಡೂ ನಿಮ್ದ.”

ಪರಊರಿನ ಆಟಗಳನ್ನು ಬಲಗಡೆಯವರ ಬಲದ ಮೇಲೆ ಹೇಗೋ ದಾಟಿ ಫೈನಲಿಗೆ ಬಂದೆವು, ಅದು ನಮ್ಮ ಮೈದಾನದಲ್ಲೇ. ಫೈನಲಿನ ದಿನ ಬೇಲಿಯ ಮೇಲೆ ವಸ್ತ್ರವಿರಲಿಲ್ಲ. “ಇವತ್ತ ಆಟ ಇಲ್ಲೇನೊ?” ಎಂದು ಕೇರಿಯವರು ಕೇಳಿದರು. ಅವ್ವ ಒಲೆ ಊದುತ್ತಲೇ ಇದ್ದಳು. ಹೊರಡುವಾಗ ನನ್ನ ಬರಿ ಮಣಿಕಟ್ಟನ್ನು ಒಮ್ಮೆ ಹಿಡಿದು ನೋಡಿ ಬಿಟ್ಟಳು.

ಮಠದ ಓಣಿಯವರೂ ಮೈದಾನದಲ್ಲಿದ್ದರು. ಗುರುಪಾದಯ್ಯ ಆಟದುದ್ದಕ್ಕೂ ನನ್ನ ಪಕ್ಕದಲ್ಲಿ ಒಂದು ಗೇಣು ದೂರ ನಿಂತ. ಕೈ ಮುಂದೆ ಬರುತ್ತಿತ್ತು, ಹಿಂದೆ ಸರಿಯುತ್ತಿತ್ತು. ಬಟ್ಟೆಯಿದ್ದಾಗಿನ ಸಂದು ಈಗ ಬಟ್ಟೆಯಿಲ್ಲದೆ ಇನ್ನೂ ದೊಡ್ಡದಾಗಿತ್ತು. ಇಬ್ಬರು ಅಲ್ಲಿಂದಲೇ ಪಾರಾದರು. ಬಲಗಡೆಯವರು ಹೇಗೋ ತಡೆದು, ಕೊನೆಯ ದಾಳಿಯ ಹೊತ್ತಿಗೆ ನಾವು ಒಂದೇ ಅಂಕ ಮುಂದಿದ್ದೆವು. ಮಾಸ್ತರರು ಗೆರೆಯ ಹೊರಗೆ, ನಮ್ಮ ಹಿಂದೆ ನಿಂತಿದ್ದರು. ಅವರ ಉಳಿದ ಆಯುಷ್ಯವೆಲ್ಲ ಆ ಒಂದು ಗೇಣು ಗಾಳಿಯಲ್ಲಿ ತೂಗುತ್ತಿತ್ತು. ಆದರೂ ಅವರು ಗುರುಪಾದಯ್ಯನ ಹೆಸರು ಕರೆಯಲಿಲ್ಲ.

ಎದುರಾಳಿಗಳ ದಾಳಿಗಾರ ಕೋಣದಂಥ ಆಳು. ಅವರ ಕಡೆಯ ಜನ, “ಎಡಕ್ಕ, ಎಡಕ್ಕ” ಎಂದು ಕೂಗುತ್ತಿದ್ದರು. ಜಿಲ್ಲೆಗೆಲ್ಲ ಗೊತ್ತಿದ್ದ ಗುಟ್ಟು. ಅವನು ಬಂದ. ನನ್ನ ಹೆಗಲಿಗೆ ಬಡಿದ. ನಾನು ಎಡಗೈಯಲ್ಲಿ ಅವನ ಪಾದ ಅಪ್ಪಿದೆ. ಅವನು ನಡುಗೆರೆಯತ್ತ ಹೊರಳಿ ಜಗ್ಗಿದ. ನನ್ನ ಎದೆ ಮಣ್ಣಿನಲ್ಲಿ ಗೀರುತ್ತ ಹೋಯಿತು. ಬಲಗೈಯನ್ನು ಬರಿ ಗಾಳಿಗೆ ಚಾಚಿದೆ. ಯಾರಿಗೂ ಅಲ್ಲ, ರೂಢಿಗೆ.

ಕೈ ಬಂತು.

ಬೆರಳಿನೊಳಗೆ ಬೆರಳು ಕೂತು ಬಿಗಿಯಿತು. ತೋಳು ಕಿತ್ತು ಬರುವಂತೆ ಜಗ್ಗಿತು. ಆ ಜಗ್ಗಿಗೆ ಗುರುಪಾದಯ್ಯ ಗಾಳಿಯಲ್ಲಿ ಹಾರಿ ಬಂದು ಕೋಣನ ಎದೆಗೆ ಎದೆ ಕೊಟ್ಟ. ಉಳಿದವರು ಮೇಲೆ ಬಿದ್ದರು. ಅಡಿಯಲ್ಲೆಲ್ಲೋ “ಕಬಡ್ಡಿ” ಎಂಬ ಸದ್ದು ತುಂಡಾಯಿತು. ಸೀಟಿ ಕೇಳಿತು. ಎಲ್ಲರೂ ಎದ್ದರು. ನಾವಿಬ್ಬರೂ ಎದ್ದೆವು. ಊರೆಲ್ಲ ನೋಡುತ್ತಿದ್ದಂತೆ ನನ್ನ ಕೈ ಇನ್ನೂ ಅವನ ಕೈಯಲ್ಲೇ ಇತ್ತು. ಬಿಡಿಸಿಕೊಳ್ಳುವುದು ಹೇಗೆಂದು ಇಬ್ಬರಿಗೂ ಹೊಳೆಯಲಿಲ್ಲ.

ಸಂಜೆ ಗಿರಣಿಯ ಅಂಗಳದಲ್ಲಿ ಸನ್ಮಾನ. ಮಾಸ್ತರರ ಕೊರಳು ಹಾರಗಳಲ್ಲಿ ಮುಳುಗಿತ್ತು. ಅವರಿಗೆ ಕಾಯಂ ನೌಕರಿ, ಗಿರಣಿಯ ಮನೆ ಎಂದು ಗೌಡರು ಮೈಕಿನಲ್ಲಿ ಸಾರಿದರು. ಆಮೇಲೆ ಮೈಕಿನಿಂದ ದೂರ ಸರಿದು, ವೇದಿಕೆಯ ಮೇಲಿದ್ದ ನಮಗಷ್ಟೇ ಕೇಳುವಂತೆ ಹೇಳಿದರು:

“ಗೆದ್ರಿ, ಛಲೋ ಆತು. ಮಠದ ಓಣ್ಯಾಗ ಮಾತ ಎದ್ದಾವ. ಮುಂದಿನ ವರ್ಷಕ್ಕ ಆ ಅರಿವೀದಷ್ಟು ಮೊದಲಿನಂಗ ಮಾಡ್ಕೊಂಡ ಬಿಡ್ರಿ.”

ಮಾಸ್ತರರು ಕೊರಳಿಗೆ ಕೈ ಹಾಕಿದರು. ಹಾರಗಳನ್ನು ಒಂದೊಂದಾಗಿ ತೆಗೆದು ಶೀಲ್ಡಿನ ಮೇಲೆ ಹಾಕಿದರು.

“ಗೌಡ್ರ, ಸೋತಾಗ ನನ್ನನ್ನ ಭಾಳ ಊರು ಕಳಿಸ್ಯಾವ. ಗೆದ್ದು ಹೋಗೂದು ಹೆಂಗಿರತದ ನೋಡೇ ಇಲ್ಲ. ಒಮ್ಮೆ ನೋಡತೀನಿ.”

“ನಿಮಗೇನ ಹುಚ್ಚ ಹಿಡದದೇನ್ರಿ? ಹೋಗತೀರೆಲ್ಲಿ?”

“ಮೈದಾನ ಇಲ್ಲದ ಊರು ಇನ್ನಾ ಹುಟ್ಟಿಲ್ರಿ.”

ಸೋಲು ಮನುಷ್ಯರನ್ನು ಕೆಳಗೆ ತಳ್ಳುವುದನ್ನು ನಾನು ಬೇಕಾದಷ್ಟು ನೋಡಿದ್ದೆ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಿಂದ, ಯಾರೂ ತಳ್ಳದೆ, ಕುಂಟುತ್ತ ತಾನೇ ಇಳಿದು ಹೋಗುವ ಮನುಷ್ಯನನ್ನು ಕಂಡದ್ದು ಅದೊಂದೇ ಸಲ. ಜನ ತಾವಾಗಿ ಎರಡು ಸಾಲಾಗಿ ಸರಿದು ದಾರಿ ಬಿಟ್ಟರು. ಚಪ್ಪಾಳೆಯಿಲ್ಲ, ಬೈಗುಳವಿಲ್ಲ. ಇಂಥವನನ್ನು ಏನು ಮಾಡಬೇಕೆಂದು ಊರಿಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಅವರನ್ನು ಕಳಿಸಲು ಹೋದೆ. ಗುರುಪಾದಯ್ಯ ನನಗಿಂತ ಮೊದಲೇ ಬಂದು ನಿಂತಿದ್ದ. ಮಾಸ್ತರರು ಬಸ್ಸು ಹತ್ತಿ ಕೂತರು. ಕಿಟಕಿಯಿಂದ ಬಾಗಿ, “ಕೈ ಹೆಂಗದ?” ಎಂದು ಕೇಳಿದರು. ಯಾರ ಕೈ ಎಂದು ಹೇಳಲಿಲ್ಲ. “ಆರಾಮ ಅದರಿ,” ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಆಗಲೇ ನಾನು ಅವನನ್ನು ಸರಿಯಾಗಿ ನೋಡಿದ್ದು. ಹಣೆ ಬರಿದಾಗಿತ್ತು. ಅಂಗಿ ನಿನ್ನೆಯದೇ. ತಲೆಗೂದಲ ತುಂಬ ಹತ್ತಿಯ ಎಳೆಗಳು.

“ಎಲ್ಲಿ ಮಲಗಿದ್ದೆಲೇ?”

“ಗಿರಣಿ ಗೋದಾಮಿನ್ಯಾಗ,” ಎಂದ. “ಅವ್ವ ಕದಾ ತಗೀಲಿಲ್ಲ. ಇರಲಿ ಬಿಡು, ಹತ್ತಿ ಭಾಳ ಮೆತ್ತಗಿರತದ. ದೊಡ್ಡ ಸಾಹುಕಾರನ ಗಾದಿ ಇದ್ದಂಗ.”

ನಕ್ಕ. ಆ ನಗೆ ಅರ್ಧಕ್ಕೇ ನಿಂತಿತು.

ನಾನು ಕೈ ಎತ್ತಿದೆ. ಅವನು ನನ್ನ ಕೈಯನ್ನು ನೋಡಿದ. ಪೇಟೆಯ ಅಂಗಡಿಗಳು ಒಂದೊಂದಾಗಿ ಬಾಗಿಲು ತೆರೆಯುತ್ತಿದ್ದವು. ಅವನು ಮೆಲ್ಲಗೆ ತಲೆ ಬಗ್ಗಿಸಿಕೊಟ್ಟ. ನಾನು ಅವನ ಕೂದಲಿನಿಂದ ಹತ್ತಿಯನ್ನು ಒಂದೊಂದೇ ಎಳೆಯಾಗಿ ಬಿಡಿಸಿ ಗಾಳಿಗೆ ಬಿಡುತ್ತ ನಿಂತೆ.