ಐತಪ್ಪ ನನ್ನನ್ನು ಒತ್ತದ ದಿನ

ನಾನು ಒಂದು ಹಿತ್ತಾಳೆಯ ಕೈಪಂಪು. ಹೆಣ ಕೆಡದಂತೆ ಅದರ ರಕ್ತನಾಳಕ್ಕೆ ಔಷಧದ ನೀರು ತುಂಬುವುದು ನನ್ನ ಕೆಲಸ. ಒಬ್ಬ ಕಂಚುಗಾರ ನನ್ನನ್ನು ಎರಕ ಹೊಯ್ದು, ಹೊಟ್ಟೆಯೊಳಗೆ ಚರ್ಮದ ವಾಷರ್ ತೊಡಿಸಿ, ಮಂಗಳೂರಿನ ಒಂದು ವೈದ್ಯಕೀಯ ಕಾಲೇಜಿಗೆ ಕಳಿಸಿದ.

ಮೊದಲು ನಾನು ಒಬ್ಬ ಮುದಿ ಪ್ರೊಫೆಸರರ ಕೈಯಲ್ಲಿದ್ದೆ. ಫಾರ್ಮಲಿನ್, ಗ್ಲಿಸರಿನ್, ವಾಸನೆಗೆ ಒಂದಿಷ್ಟು ಲವಂಗದೆಣ್ಣೆ, ಎಲ್ಲವನ್ನೂ ಅವರೇ ಬೆರೆಸುತ್ತಿದ್ದರು. ಆ ವಿದ್ಯೆಯನ್ನು ಅವರು ಕಲಿಸಿದ್ದು ಅಟೆಂಡರ್ ಐತಪ್ಪನಿಗೆ. ಅವರು ನಿವೃತ್ತರಾದ ಮೇಲೆ ನಾನು ಐತಪ್ಪನವನಾದೆ. ಸೂಜಿ ಚುಚ್ಚುವ ಮೊದಲು ಅವನು ಸತ್ತವರನ್ನು ಅಕ್ಕ, ಅಣ್ಣ ಎಂದು ಕರೆದು ಕ್ಷಮೆ ಕೇಳುತ್ತಿದ್ದ. ಆದರೆ ಅವನು ಕ್ಯಾಂಟೀನಿಗೆ ಹೋದರೆ, ಹೆಣ ಮುಟ್ಟುವವನೆಂದು ಪಕ್ಕದ ಕುರ್ಚಿಯವರು ಎದ್ದು ಹೋಗುತ್ತಿದ್ದರು. ಅದನ್ನು ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಒಂದು ಬೆಳಿಗ್ಗೆ ಮೀನು ಶೀತಲೀಕರಣದ ಕಾರ್ಖಾನೆಯಿಂದ ಸಬಿತಾ ಎಂಬ ಒಡಿಶಾದ ಹುಡುಗಿಯ ಹೆಣ ಬಂತು. ಹೃದಯ ನಿಂತು ಸತ್ತಳೆಂದು ಯಾವನೋ ಡಾಕ್ಟರು ಬರೆದುಕೊಟ್ಟ ಕಾಗದ ಜೊತೆಗೆ ಬಂದ ಕಾರ್ಖಾನೆಯ ಮ್ಯಾನೇಜರನ ಕೈಯಲ್ಲಿತ್ತು. ಮಧ್ಯಾಹ್ನದ ವಿಮಾನಕ್ಕೆ ಹೆಣ ಸಿದ್ಧವಾಗಬೇಕಂತೆ. ಐತಪ್ಪ ಬಟ್ಟೆ ಸರಿಸಿ ನೋಡಿದ. ತುಟಿ ಸುಟ್ಟಿತ್ತು, ಕಣ್ಣಿನ ಸುತ್ತ ಬೊಬ್ಬೆಯೆದ್ದಿತ್ತು. ಕಾರ್ಖಾನೆಯಲ್ಲಿ ಮೀನು ತಣ್ಣಗಿಡಲು ಬಳಸುವ ಅಮೋನಿಯಾ ಅನಿಲ ಸೋರಿದೆ ಎಂದು ಅವನಿಗೆ ಅರ್ಥವಾಯಿತು.

ವಿಭಾಗದ ಮುಖ್ಯಸ್ಥ ಡಾಕ್ಟರ್ ಸದಾನಂದರು ಮ್ಯಾನೇಜರನ ಗೆಳೆಯರು. ಕಾಗದದಲ್ಲಿರುವುದು ಸುಳ್ಳೆಂದು ಐತಪ್ಪ ಹೇಳಿದಾಗ, ಕಾಗದ ಓದುವುದು ನಿನ್ನ ಕೆಲಸವಲ್ಲ, ಪಂಪು ಹಚ್ಚು ಎಂದು ಗದರಿದರು.

"ಈ ನೀರು ಒಮ್ಮೆ ಒಳಗೆ ಹೋದ್ರೆ ಅವಳಿಗೆ ಮತ್ತೆಂತದೂ ಹೇಳ್ಲಿಕ್ಕೆ ಆಗುದಿಲ್ಲ ಸಾರ್. ಮೊದಲು ಪೋಸ್ಟ್‌ಮಾರ್ಟಂ ಆಗಲಿ," ಎಂದ ಐತಪ್ಪ.

ತಾವೇ ಪಂಪು ಹಚ್ಚಲು ಡಾಕ್ಟರರು ಸಿಟ್ಟಿನಿಂದ ಕೈಗವಸು ತರಲು ಹೋದರು. ಅಷ್ಟರಲ್ಲಿ ಐತಪ್ಪ ನನ್ನ ವಾಷರ್ ಕಿತ್ತು ಜೇಬಿಗೆ ಹಾಕಿಕೊಂಡು ಹೊರಗೆ ನಡೆದ. ಗೇಟಿನ ಬಳಿ ಸಬಿತಾಳ ಅಕ್ಕನನ್ನು ಒಳಗೆ ಬಿಡದೆ ತಡೆದಿದ್ದರು. ಅವಳನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಅವನು ಠಾಣೆಗೆ ಹೋದ. ಇತ್ತ ಡಾಕ್ಟರರು ಬೆವರಿಳಿಸಿಕೊಂಡು ನನ್ನನ್ನು ಒತ್ತಿದರು. ವಾಷರ್ ಇಲ್ಲದ ನಾನು ಒಂದು ಹನಿಯನ್ನೂ ಎಳೆಯಲಿಲ್ಲ. ನನ್ನ ಬಾಳಿನಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದು.

ಪೊಲೀಸರು ಬಂದರು. ಬೇರೆ ಆಸ್ಪತ್ರೆಯಲ್ಲಿ ಮರಣೋತ್ತರ ಪರೀಕ್ಷೆ ನಡೆದು, ಶ್ವಾಸಕೋಶ ಸುಟ್ಟದ್ದು ಬರಹಕ್ಕೆ ಬಂತು. ಮ್ಯಾನೇಜರನ ಮೇಲೆ ಮೊಕದ್ದಮೆ ಹೂಡಿದರು. ಆಮೇಲೆ ಐತಪ್ಪನೇ ನನಗೆ ವಾಷರ್ ಮತ್ತೆ ತೊಡಿಸಿ, ಸಬಿತಾಳ ಮೈಗೆ ಔಷಧ ತುಂಬಿ, ಮುಖ ಒರೆಸಿ, ತಲೆ ಬಾಚಿ ಅಕ್ಕನ ಜೊತೆ ಊರಿಗೆ ಕಳಿಸಿಕೊಟ್ಟ.

ಮಾರನೆಯ ವಾರ ಅವನನ್ನು ಸೈಕಲ್ ಸ್ಟ್ಯಾಂಡ್ ಕಾಯಲು ಹಾಕಿದರು. ಸದಾನಂದರು ಪ್ರಿನ್ಸಿಪಾಲರಾದರು. ನನ್ನ ಜಾಗಕ್ಕೆ ಕರೆಂಟಿನ ಯಂತ್ರ ಬಂತು, ನಾನು ಅದೇ ಕೋಣೆಯ ಗಾಜಿನ ಕಪಾಟು ಸೇರಿದೆ.

ಐತಪ್ಪನ ನಿವೃತ್ತಿಯ ದಿನ ಸದಾನಂದರು ಹೊದಿಸಲು ಬಂದ ಶಾಲನ್ನು ಅವನು ಮುಟ್ಟಲಿಲ್ಲ. ನೇರ ನಮ್ಮ ಕೋಣೆಗೆ ಬಂದ. ಹೊಸ ಅಟೆಂಡರ್ ಲಲಿತಾ ಒಂದು ಹೆಣದ ಕಾಗದ ಓದುತ್ತಿದ್ದಳು.

"ಮೊದಲು ಮುಖ ನೋಡು ಮಾರಾಯ್ತಿ," ಎಂದ ಅವನು. "ಕಾಗದ ಆಮೇಲೆ."

ಲಲಿತಾ ಕಾಗದ ಕೆಳಗಿಟ್ಟು ಬಟ್ಟೆ ಸರಿಸಿದಳು.