ಮುಟ್ಟುವ ಮುಂಚೆ

"ಮೇಡಂ, ಈಗ ಎಡಗಾಲು ಮಡಚ್ತೀನಿ. ಸ್ವಲ್ಪ ನೋವಾಗ್ಬಹುದು," ಎಂದು ಹೇಳಿ ಇಂಚರ ಉಮಾಮಹೇಶ್ವರಿಯ ಮೊಣಕಾಲಿನ ಕೆಳಗೆ ಅಂಗೈ ಕೊಟ್ಟಳು.

ಸುತ್ತ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಣದ ಜೊತೆ ಹೀಗೆ ಮಾತಾಡುವವರನ್ನು ಅವರು ಕಂಡಿರಲಿಲ್ಲ.

ಬೆಳಗಿನ ಜಾವ ಬಚ್ಚಲುಮನೆ ಬಾಗಿಲಲ್ಲಿ ಕುಸಿದ ಉಮಾಮಹೇಶ್ವರಿ ಆಸ್ಪತ್ರೆ ತಲುಪುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಹೃದಯ ನಿಂತಿತ್ತು. ಕುಮಾರಸ್ವಾಮಿ ಲೇಔಟಿನ ಮನೆಗೆ ವಾಪಸು ತಂದಾಗ ಎದುರುಮನೆಯವರು ಇನ್ನೂ ಬಾಗಿಲಿಗೆ ನೀರು ಹಾಕುತ್ತಿದ್ದರು. ಮೈ ಬಿಗಿಯುವ ಮೊದಲೇ ಪದ್ಮಾಸನ ಹಾಕಿಸಿ ಗೋಡೆಗೆ ಒರಗಿಸಬೇಕು. ಲಿಂಗಾಯತರಾದ ಅವರಲ್ಲಿ ಕೂತೇ ಮಣ್ಣಿಗೆ ಹೋಗುವುದು. ರಾತ್ರಿ ಪಾಳಿ ಮುಗಿಸಿದ ಇಂಚರ ಮತ್ತು ಇನ್ನೂ ಮೂವರು ನರ್ಸ್ ಹುಡುಗಿಯರು ಮನೆಗೂ ಹೋಗದೆ, ಯೂನಿಫಾರಂನಲ್ಲೇ, ಆಸ್ಪತ್ರೆಯ ವ್ಯಾನಿನಲ್ಲಿ ಬಂದಿದ್ದರು. ಅವರ ಜೊತೆ ವಾರಿಜಾ. ಉಮಾಮಹೇಶ್ವರಿಯ ಜೊತೆಯಲ್ಲೇ ಕೆಲಸಕ್ಕೆ ಸೇರಿ, ಒಂದೇ ವಾರ್ಡಿನಲ್ಲಿ ಕೂದಲು ಬೆಳ್ಳಗಾದವಳು.

"ಮೆಲ್ಲಗೆ ಕಣೇ," ಎಂದಳು ವಾರಿಜಾ. "ಆ ಕಾಲು ತುಂಬಾ ನೋಯುತ್ತೆ ಅವ್ಳಿಗೆ."

ಹೇಳಿದ ಮೇಲೆ ತಾನೇನು ಹೇಳಿದೆ ಎಂಬುದು ಹೊಳೆದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

*

ಮೂರು ವರ್ಷದ ಹಿಂದೆ ಎಲ್ಲ ಶುರುವಾದದ್ದು ಆ ಕಾಲಿನಿಂದಲೇ. ಜಯನಗರದ ಆಸ್ಪತ್ರೆಯಲ್ಲಿ ನಿಂತು, ಓಡಾಡಿ, ಏಳಲಾಗದವರನ್ನು ಎತ್ತಿ ಮಗ್ಗುಲು ಬದಲಿಸಿ ಮೊಣಕಾಲು ಸವೆದಿತ್ತು. ಕೂತು ಮಾಡುವಂಥದ್ದು ಏನಾದರೂ ಕೊಡಿ ಎಂದು ಕೇಳಿದಾಗ ನರ್ಸಿಂಗ್ ಸೂಪರಿಂಟೆಂಡೆಂಟ್ ನಕ್ಕಿದ್ದರು.

"ನಮ್ಮಲ್ಲಿ ಕೂತು ಮಾಡೋದು ಅಂದ್ರೆ ಪಾಠ ಹೇಳೋದೊಂದೇ ಉಮಾ. ಅದಕ್ಕೆ ಮಾಸ್ಟರ್ಸ್ ಆಗಿರ್ಬೇಕು."

ಅವತ್ತು ಸಂಜೆ ಬಂದವಳೇ ಮಗಳು ಶ್ರೀದೇವಿಯನ್ನು ಕರೆದು, "ಅದೇನೋ ಆನ್‌ಲೈನಲ್ಲೇ ಮಾಸ್ಟರ್ಸ್ ಮಾಡ್ಬಹುದಂತೆ. ಸ್ವಲ್ಪ ನೋಡೇ," ಎಂದಳು. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಶ್ರೀದೇವಿ, ಅಮ್ಮ ಎರಡು ದಿನದಲ್ಲಿ ಮರೀತಾಳೆ ಅಂದುಕೊಂಡೇ ಹುಡುಕಿಕೊಟ್ಟಳು. ಹೊರದೇಶದ ಯಾವುದೋ ವಿಶ್ವವಿದ್ಯಾಲಯ. ಉಮಾಮಹೇಶ್ವರಿ ಮರೆಯಲಿಲ್ಲ.

ಡ್ಯೂಟಿಗೆ ಹೊರಡುವ ಮುಂಚೆ ಕ್ಲಾಸು. ಊಟದ ಮೇಜಿನ ಮೇಲೆ ಒಂದು ಕಡೆ ಹೆಚ್ಚಿದ ಹುರುಳಿಕಾಯಿ, ಇನ್ನೊಂದು ಕಡೆ ಲ್ಯಾಪ್‌ಟಾಪು. ಒಮ್ಮೆ ಮ್ಯೂಟ್ ಮಾಡುವುದು ಮರೆತು, ಕುಕ್ಕರ್ ಕೂಗಿ, ಆ ಕಡೆಯ ಮೇಷ್ಟರು ಗಾಬರಿಯಿಂದ ಅದೇನು ಅಲಾರಂ ಎಂದು ಕೇಳಿದ್ದರು. ಬೇಳೆ ಬೇಯುತ್ತಿದೆ ಎಂದು ಇಂಗ್ಲಿಷಿನಲ್ಲಿ ವಿವರಿಸುವಷ್ಟರಲ್ಲಿ ಇವಳಿಗೆ ಬೆವರು ಬಂದಿತ್ತು. ಆದರೆ ನಗು ಬರುವ ಅಂಥ ದಿನಗಳು ಕಡಿಮೆ. ಎಷ್ಟೋ ದಿನ ಕಿವಿಯಲ್ಲಿ ಪಾಠ ಹಾಕಿಕೊಂಡು ಬಸ್ಸಿನಲ್ಲಿ ನಿದ್ದೆಹೋಗಿ, ತನ್ನ ಸ್ಟಾಪು ದಾಟಿ, ಕುಂಟುತ್ತ ನಡೆದು ಬರುತ್ತಿದ್ದಳು.

"ಈ ಪೆಡಗಾಜಿ ಅಂದ್ರೇನೇ?"

"ಪಾಠ ಹೇಳೋ ರೀತಿ ಅಮ್ಮ."

"ಅದನ್ನ ಹಾಗೇ ಹೇಳ್ಬಾರ್ದಾ ಇವ್ರು?"

ಕೊನೆಗೂ ಪಾಸಾದಳು. ಜೆ.ಪಿ. ನಗರದ ಒಂದು ನರ್ಸಿಂಗ್ ಕಾಲೇಜಿಗೆ ಹೋಗಿ ಕೇಳಿದರೆ, ಆನ್‌ಲೈನಲ್ಲಿ ಓದಿದ್ದು ಲೆಕ್ಚರರ್ ಕೆಲಸಕ್ಕೆ ನಡೆಯುವುದಿಲ್ಲ ಎಂದು ಕೂರಿಸದೆಯೇ ಹೇಳಿ ಕಳಿಸಿದರು. ಬರುವಾಗ ದಂಟಿನಸೊಪ್ಪು ತಂದು ಸಾರು ಮಾಡಿದಳು. ಬಡಿಸುತ್ತ ಗಂಡನಿಗೆ ವಿಷಯ ಹೇಳಿದಳು. "ಹೋಗ್ಲಿ ಬಿಡು," ಎಂದ ಏಕಾಂತಯ್ಯ. ಅದರ ಮೇಲೆ ಆ ಮಾತು ಮನೆಯಲ್ಲಿ ಬರಲಿಲ್ಲ.

ತಿಂಗಳಾದ ಮೇಲೆ ಅವಳ ಆಸ್ಪತ್ರೆಯೇ ಹೊಸ ನರ್ಸುಗಳಿಗೆ ಪಾಠ ಹೇಳಲು ಅವಳನ್ನು ಹಾಕಿತು. ವಾರಕ್ಕೆರಡು ಕ್ಲಾಸು, ಸ್ಟೋರ್ ಪಕ್ಕದ ಕೋಣೆಯಲ್ಲಿ. ಜನ ಸಾಲದೆಂದು ವಾರ್ಡಿನ ಕೆಲಸ ಮಾತ್ರ ತಪ್ಪಿಸಲಿಲ್ಲ. ಕೂರುವ ಕೆಲಸ ಸಿಗಲಿಲ್ಲ. ನಿಲ್ಲುವ ಕೆಲಸ ಇನ್ನೊಂದು ಸೇರಿತು.

*

ಬಿಸಿಲೇರುವ ಹೊತ್ತಿಗೆ ಹನುಮಂತನಗರದಿಂದ ಉಮಾಮಹೇಶ್ವರಿಯ ತಮ್ಮ ಚನ್ನಬಸವಯ್ಯ ಬಂದ. ಹಣೆತುಂಬ ವಿಭೂತಿ ಹಚ್ಚಿ ಹೂವಿನ ನಡುವೆ ಕೂರಿಸಿದ್ದ ಅಕ್ಕನನ್ನು ನೋಡಿ ಜೋರಾಗಿ ಅತ್ತ. ಅತ್ತು ಮುಗಿದ ಮೇಲೆ ಅವನಿಗೆ ಸಿಟ್ಟು ಬಂತು.

"ಓದೋ ವಯಸ್ಸಾ ಭಾವ ಅದು? ನೀವಾದ್ರೂ ಬೇಡ ಅನ್ಬಾರ್ದಿತ್ತಾ? ಆ ಓದೇ ತಿಂದುಹಾಕ್ತು ನಮ್ಮಕ್ಕನ್ನ."

ಬಾಗಿಲ ಬಳಿ ನಿಂತಿದ್ದ ಏಕಾಂತಯ್ಯ ಹೊರಗೆ ಬಿಟ್ಟಿದ್ದ ಚಪ್ಪಲಿಗಳ ಕಡೆ ನೋಡಿದ.

"ಓದಲ್ಲ ಮಾಮ," ಎಂದಳು ಶ್ರೀದೇವಿ. ಅವಳ ದನಿ ಸೋತುಹೋಗಿತ್ತು. "ಡ್ಯೂಟಿ. ಎರಡೆರಡು ಡ್ಯೂಟಿ."

"ಯಾವ್ದೋ ಒಂದು. ಏನು ಬಂತು ಅದ್ರಿಂದ? ಲೆಕ್ಚರರ್ ಆದ್ಲಾ?"

ಮಾತು ಬದಲಿಸಲು ಎದುರುಮನೆಯ ಹೆಂಗಸು ಇಂಚರಳ ಕಡೆ ತಿರುಗಿ, "ಅದ್ಯಾಕಮ್ಮ, ಬೆಳಗ್ಗೆ ಕಾಲು ಮಡಚ್ತೀನಿ ಅಂತೆಲ್ಲ ಹೇಳ್ತಿದ್ದೆ ಅವ್ರ ಹತ್ರ?" ಎಂದು ಕೇಳಿದಳು.

ಇಂಚರ ಪೆಚ್ಚಾದಳು. "ಅಭ್ಯಾಸ ಆಂಟಿ. ಮೇಡಂದೇ ಅಭ್ಯಾಸ." ಸ್ವಲ್ಪ ತಡೆದು ಮುಂದುವರಿಸಿದಳು. "ಫಸ್ಟ್ ಕ್ಲಾಸಲ್ಲಿ ನನ್ನನ್ನ ಮಂಚದ ಮೇಲೆ ಮಲಗ್ಸಿ ಕಣ್ಣು ಕಟ್ಟಿಸ್ಬಿಟ್ರು. ಉಳ್ದೋರಿಗೆ, ಮಾತಾಡ್ದೆ ಇವ್ಳ ಮೈ ಒರೆಸಿ, ಮಗ್ಗುಲು ಬದಲಿಸಿ ಅಂದ್ರು. ಯಾರೋ ತಣ್ಣಗಿರೋ ಕೈ ಹೊಟ್ಟೆ ಮೇಲಿಟ್ಟಿದ್ದೇ ನಾನು ಕಿರುಚ್ಕೊಂಡೆ. ಎಲ್ರೂ ನಕ್ಕೂ ನಕ್ಕೂ... ಆಮೇಲೆ ಹೇಳಿ ಹೇಳಿ ಮುಟ್ಟಿಸಿದ್ರು. ಅದೇ ಕೈ, ಆದ್ರೆ ಹೆದರಿಕೆ ಆಗ್ಲಿಲ್ಲ. ಪ್ರಜ್ಞೆ ಇಲ್ದೇ ಇರೋರಿಗೂ ಹೇಳೇ ಮುಟ್ಬೇಕು, ಕೇಳಿಸಲ್ಲ ಅಂತ ನಿಮಗೇನು ಗೊತ್ತು ಅಂತಿದ್ರು ಮೇಡಂ. ಈಗ ಹೇಳ್ದೆ ಮುಟ್ಟೋಕೆ ನಂಗೆ ಕೈಯೇ ಬರಲ್ಲ."

ಚನ್ನಬಸವಯ್ಯ ಶಲ್ಯದಿಂದ ಮುಖ ಒರೆಸಿಕೊಂಡು ಅಕ್ಕನ ಕಡೆ ನೋಡುತ್ತ ಕೂತ. ಏಕಾಂತಯ್ಯ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

*

ಆ ಕಿರುಚಾಟವನ್ನು ಅವತ್ತು ಏಕಾಂತಯ್ಯನೂ ಕೇಳಿದ್ದ.

ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವ ಕೆಲಸದಿಂದ ಅವನು ನಿವೃತ್ತನಾಗಿ ಸ್ವಲ್ಪವೇ ದಿನವಾಗಿತ್ತು. ಹೆಂಡತಿ ಮರೆತುಹೋದ ಊಟದ ಡಬ್ಬಿ ಕೊಡಲು ಆಸ್ಪತ್ರೆಗೆ ಹೋದವನನ್ನು ಆಯಾ ಒಬ್ಬಳು ಸ್ಟೋರ್ ಪಕ್ಕದ ಕೋಣೆಗೆ ಕಳಿಸಿದ್ದಳು. ಬಾಗಿಲು ಅರ್ಧ ತೆರೆದಿತ್ತು. ಮಂಚದ ಮೇಲೆ ಕಣ್ಣು ಕಟ್ಟಿದ ಹುಡುಗಿ ಚೀರಿ ಎದ್ದು ಕೂತಳು. ಕೋಣೆಯೆಲ್ಲ ನಗು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಉಮಾಮಹೇಶ್ವರಿ. ಗೋಡೆಗೆ ಕೈ ಕೊಟ್ಟು, ನೋಯುವ ಕಾಲನ್ನು ನೆಲಕ್ಕೆ ಪೂರ್ತಿ ಊರದೆ, ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು.

ಮನೆಯಲ್ಲಿ ಅವಳು ಬಂದು, ಕಾಲಿಗೆ ಎಣ್ಣೆ ಸವರಿಕೊಂಡು, ಮಾತಾಡಲು ಶಕ್ತಿಯಿಲ್ಲದೆ ಮಲಗುವುದನ್ನು ನೋಡಿಯೇ ಅವನಿಗೆ ಅಭ್ಯಾಸ. ಈ ಹೆಂಗಸು ಯಾರು ಎಂಬಂತೆ ನೋಡುತ್ತ ನಿಂತ. ಅವಳು ತಿರುಗಿದರೆ ಈ ನಗು ನಿಂತುಬಿಡಬಹುದು ಎನ್ನಿಸಿತು. ಡಬ್ಬಿಯನ್ನು ಆಯಾ ಕೈಗೆ ಕೊಟ್ಟು ಬಂದುಬಿಟ್ಟ.

"ನೀವೇ ಬಂದಿದ್ರಂತೆ? ಒಳಗೆ ಬರ್ಬಾರ್ದಿತ್ತಾ?" ಸಂಜೆ ಅವಳು ಕೇಳಿದ್ದಳು.

"ಬಿಸಿಲು ಜಾಸ್ತಿ ಆಗ್ತಿತ್ತು. ಹೊರಟ್ಬಿಟ್ಟೆ."

ಚೆನ್ನಾಗಿ ಹೇಳಿಕೊಡ್ತೀಯ ಕಣೇ ಅನ್ನುವ ಮಾತು ನಾಲಗೆ ತನಕ ಬಂದಿತ್ತು. ಅಷ್ಟರಲ್ಲಿ ಅವಳು ಅಕ್ಕಿ ತೊಳೆಯಲು ಎದ್ದಿದ್ದಳು.

*

ರುದ್ರಭೂಮಿಯಲ್ಲಿ ಎಲ್ಲ ಬೇಗ ಮುಗಿಯಿತು. ಗುಂಡಿಯೊಳಗಿನ ಗೂಡಿನಲ್ಲಿ ಅವಳನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ, ಬಿಲ್ವಪತ್ರೆ ತುಂಬಿದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಮಂತ್ರ ಹೇಳಿದ ಅಯ್ಯನವರು ಕೈಕಾಲು ತೊಳೆಯಲು ನಲ್ಲಿಯ ಕಡೆ ನಡೆದರು.

ಶ್ರೀದೇವಿ ಕಲ್ಲುಬೆಂಚಿನ ಮೇಲೆ ಅಪ್ಪನ ಪಕ್ಕ ಬಂದು ಕೂತಳು. "ಅಮ್ಮನ ಒಂದು ಕ್ಲಾಸಾದ್ರೂ ನಾವು ನೋಡ್ಬೇಕಿತ್ತಪ್ಪ."

"ನಾನು ನೋಡಿದೀನಿ."

"ಯಾವಾಗ? ಹೇಳ್ಲೇ ಇಲ್ವಲ್ಲ!"

"ಅವ್ಳಿಗೂ ಹೇಳ್ಲಿಲ್ಲ," ಎಂದ ಏಕಾಂತಯ್ಯ.

ಶ್ರೀದೇವಿ ಅಪ್ಪನ ತೋಳು ಹಿಡಿದುಕೊಂಡಳು. ಆಮೇಲೆ ಅವಳು, "ಆ ಹುಡುಗೀರು ಬೆಳಗ್ಗಿಂದ ಏನೂ ತಿಂದಿಲ್ಲ. ಮನೆಗೆ ಬಂದು ಊಟ ಮಾಡ್ಕೊಂಡು ಹೋಗ್ಲಿ, ಕರೀರಿ," ಎಂದಳು.

ಏಕಾಂತಯ್ಯ ಗೇಟಿನ ಕಡೆ ಹೋದ. ವ್ಯಾನು ಗೋಡೆಯ ಪಕ್ಕ ನಿಂತಿತ್ತು. ಒಳಗೆ ನಾಲ್ವರೂ ನಿದ್ದೆಹೋಗಿದ್ದರು. ಒಬ್ಬಳ ತಲೆ ಇನ್ನೊಬ್ಬಳ ಭುಜದ ಮೇಲೆ, ಅವಳದ್ದು ಮುಂದಿನ ಸೀಟಿನ ಕಂಬಿಯ ಮೇಲೆ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಕಿಟಕಿಯ ಬದಿ ಕೂತಿದ್ದ ಇಂಚರಳ ಬಾಯಿ ಮಗುವಿನದರಂತೆ ತೆರೆದುಕೊಂಡಿತ್ತು. ಅವಳ ಮುಖದ ಮೇಲೆ ನೇರ ಬಿಸಿಲು.

"ಎಬ್ಬಿಸ್ಲಾ ಸಾರ್?" ಡ್ರೈವರ್ ಹಾರ್ನಿನ ಮೇಲೆ ಕೈಯಿಟ್ಟ.

ಏಕಾಂತಯ್ಯ ಬೇಡವೆಂದು ಕೈಯಾಡಿಸಿದ. ಕಿಟಕಿಯ ಹತ್ತಿರ ಹೋಗಿ, ಬಿಸಿಲಿಗೆ ಬೆನ್ನು ಕೊಟ್ಟು, ತನ್ನ ನೆರಳು ಅವಳ ಮುಖದ ಮೇಲೆ ಬೀಳುವಂತೆ ನಿಂತುಕೊಂಡ. ಸೂರ್ಯ ಸರಿದಂತೆಲ್ಲ ಅವನೂ ಸ್ವಲ್ಪ ಸ್ವಲ್ಪವೇ ಸರಿಯುತ್ತಿದ್ದ.