ಹಿಟ್ಟು ತಿಗಣೆ ಹುಡುಕುತ್ತಾ

ಎಲೆಯ ಹಿಂಬದಿಯಲ್ಲಿ ಬೆಳ್ಳಗೆ ಏನೋ — ಅಲ್ಲ, ಹಕ್ಕಿಯ ಹಿಕ್ಕೆ, ಮುಂದಿನ ಎಲೆಯಲ್ಲೂ ಇಲ್ಲ, ಪಪ್ಪಾಯಿಯ ಈ ಸಾಲು ಮುಗಿದರೆ ಎಂಬತ್ತು ಗಿಡ ನೋಡಿದ ಹಾಗಾಯಿತು, ಅರವತ್ನಾಲ್ಕು ವರ್ಷದ ಕತ್ತು ಮೇಲೆ ನೋಡಿ ನೋಡಿ ಹಿಡಿದುಕೊಂಡಿದೆ, ಒಂದೇ ಒಂದು ಹಿಟ್ಟು ತಿಗಣೆ ಸಿಕ್ಕರೆ ಸಾಕು ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಾಳೆ, ಯಾರಾದರೂ ಕೇಳಿಸಿಕೊಂಡರೆ ನಕ್ಕಾರು, ಅದರ ವಂಶ ನಿರ್ವಂಶ ಮಾಡಲು ಹೆಣಗಿದವಳು ಇವಳೇ. ಯಾವ ಹುಳ ಮೇಡಂ, ಎನ್ನುತ್ತಾನೆ ತೋಟದವನು, ಪೈಪು ಎಳೆಯುತ್ತಾ. ಬಿಳೀದಪ್ಪ, ಹಿಟ್ಟು ಚೆಲ್ಲಿದ ಹಾಗಿರುತ್ತೆ, ಹದಿನೈದು ವರ್ಷದ ಹಿಂದೆ ಎಲ್ಲಾ ಕಡೆ ಇತ್ತಲ್ಲ. ನಂಗೆ ಗೊತ್ತಿಲ್ಲ, ನಮ್ಮಪ್ಪ ಏನೋ ಹೇಳ್ತಿದ್ರು, ತಾನೇ ಬಂತು ತಾನೇ ಹೋಯ್ತು ಅಂತ. ತಾನೇ ಹೋಯ್ತು — ಹೋಗಲಿಕ್ಕೆ ಅದಕ್ಕೇನು ನೆಂಟರ ಮನೆಯಿತ್ತೇ, ಎನ್ನಬೇಕೆನಿಸಿತು, ಹೌದಪ್ಪ ಎಂದು ಗೇಟು ದಾಟಿದಳು. ಆಗ ಇದೇ ತೋಟದಲ್ಲಿ ಗಿಡ ಕಿತ್ತು ರಾಶಿ ಹಾಕಿದ್ದರು, ಮೂರು ಬಗೆಯ ಔಷಧಿ ಹೊಡೆದರೂ ಮೇಣದ ಹೊದಿಕೆಯೊಳಗೆ ತಿಗಣೆ ಹಾಯಾಗಿತ್ತು, ಆಮೇಲೆ ಅವಳು ಹೊರದೇಶದಿಂದ ತರಿಸಿದ ಕಣಜ, ಸಾಸಿವೆ ಕಾಳಿಗಿಂತ ಸಣ್ಣದು, ತಿಗಣೆಯ ಹೊಟ್ಟೆಯೊಳಗೇ ಮೊಟ್ಟೆಯಿಡುವುದು, ಮರಿ ಒಳಗಿಂದಲೇ ತಿಂದು ಮುಗಿಸುವುದು, ಎರಡು ವರ್ಷಕ್ಕೆ ಊರೂರೇ ಹಸಿರು. ಒಂಬತ್ತು ವರ್ಷ ಲ್ಯಾಬಿನಲ್ಲಿ ಆ ಕಣಜ ಸಾಕಿದಳು, ಭಾನುವಾರವೂ ಜೇನುತುಪ್ಪದ ಹನಿ ಇಡಲು ಹೋಗುತ್ತಿದ್ದಳು, ನಿನ್ನ ಮಕ್ಕಳ ಊಟ ಆಯ್ತಾ ಎಂದು ಗಂಡ ಮೊದಲು ತಮಾಷೆಗೆ ಕೇಳುತ್ತಿದ್ದ, ಆಮೇಲೆ ತಮಾಷೆಗಲ್ಲ, ಆಮೇಲೆ ಕೇಳಲೇ ಇಲ್ಲ, ಬೇರೆ ಊರಿಗೆ ವರ್ಗ ಮಾಡಿಸಿಕೊಂಡು ಹೋದವನು ಅಲ್ಲೇ ಉಳಿದ. ಈಗ ಮೂರು ದಿನದ ಹಿಂದೆ ಫೋನು, ಸಮುದ್ರದಾಚೆಯಿಂದ ಒಬ್ಬ ಹುಡುಗಿ, ಹೊಸದಾಗಿ ಕೆಲಸಕ್ಕೆ ಸೇರಿದ ಕೀಟಶಾಸ್ತ್ರಜ್ಞೆ, ನಮ್ಮಲ್ಲಿ ತೋಟಗಳೇ ಹೋಗ್ತಿವೆ ಮೇಡಂ, ಆ ಕಣಜ ನಿಮ್ಮ ಹತ್ರ ಇನ್ನೂ ಇದೆಯಾ. ಇಲ್ಲಮ್ಮ ಎನ್ನಬೇಕಿತ್ತು, ನೋಡ್ತೀನಮ್ಮ ಎಂದುಬಿಟ್ಟಳು — ತಿಂಗಳುಗಟ್ಟಲೆ ಫೋನು ಹಾಲಿನವನನ್ನೂ ಗ್ಯಾಸಿನವನನ್ನೂ ಬಿಟ್ಟು ಬೇರೆ ಯಾರಿಗೂ ಬಾಯಿಬಿಟ್ಟಿರಲಿಲ್ಲ. ತಿಗಣೆಯಿದ್ದರಲ್ಲವೇ ಕಣಜ, ಎರಡೂ ಇಲ್ಲದಂತೆ ಮಾಡಿ ಕೂತಿದ್ದೇನೆ, ಮೂರು ದಿನ, ಏಳು ತೋಟ, ಉಳಿದದ್ದು ಹಳೆಯ ಲ್ಯಾಬಿನ ಹಿಂದಿನ ಬೀದಿ, ಅಲ್ಲೇನಿರುತ್ತದೆ, ಆದರೂ ಬಸ್ಸು ಅಲ್ಲೇ ನಿಲ್ಲುತ್ತದೆ, ಇಳಿದಳು.

ಲ್ಯಾಬು ಈಗ ಮುರಿದ ಕುರ್ಚಿಗಳ ಉಗ್ರಾಣ, ಕಿಟಕಿ ಗಾಜಿಗೆ ಹಳೇ ಪೇಪರು, ಕಾಂಪೌಂಡಿನಾಚೆ ಬಾಗಿದ ದಾಸವಾಳ, ಯಾರೂ ಸವರಿಲ್ಲ, ಭೂತಗನ್ನಡಿ ತೆಗೆದಳು, ಒಂದು ಕಡ್ಡಿ, ಇನ್ನೊಂದು, ಕವಲಿನ ಸಂದಿಯಲ್ಲಿ ಬೆಳ್ಳಗೆ — ಹಿಕ್ಕೆಯಲ್ಲ, ಮುಟ್ಟಿದರೆ ಬೆರಳಿಗೆ ಹಿಟ್ಟು. ತಿಗಣೆ, ಆರೋ ಏಳೋ, ಅದರ ಪಕ್ಕದಲ್ಲೇ ಸತ್ತು ಉಬ್ಬಿ ಕಂದು ಬಣ್ಣಕ್ಕೆ ತಿರುಗಿದವು ನಾಲ್ಕು, ಅಂದರೆ ಒಳಗೆ ಕಣಜ, ಆದರೆ ಇಲ್ಲಿ, ಈ ಗೋಡೆಯ ಹತ್ತಿರವೇ ಹೇಗೆ. ಸೋಡಾಬುಡ್ಡಿ. ಲ್ಯಾಬಿನ ಅಟೆಂಡರು, ದಪ್ಪ ಕನ್ನಡಕದವನು, ಎಲ್ಲರೂ ಹಾಗೇ ಕರೆಯುತ್ತಿದ್ದರು, ಅವಳೂ. ಕೀಟವೇ ಇಲ್ಲದ ಮೇಲೆ ಘಟಕವೇಕೆ, ಉಳಿದ ಕಣಜಗಳನ್ನು ಫ್ರೀಜರಿನಲ್ಲಿಟ್ಟು ನಾಶಪಡಿಸತಕ್ಕದ್ದು, ಎಂಬ ಆದೇಶಕ್ಕೆ ಸಹಿ ಹಾಕಿದವಳು ಅವಳು, ಮಧ್ಯಾಹ್ನ ಬಂದು ನೋಡಿದರೆ ಅವನು ಪಂಜರಗಳನ್ನು ಇದೇ ಗೋಡೆಯ ಬಳಿ ತಂದಿಟ್ಟು ಬಾಗಿಲು ತೆಗೆದಿದ್ದ, ಕೈಯಾರೆ ಸಾಕಿದ್ದು ಮೇಡಂ, ಫ್ರೀಜರಿಗೆ ಹಾಕಕ್ಕಾಗಲ್ಲ ನಂಗೆ. ಮೂರ್ಖ, ಎರಡೇ ದಿನದಲ್ಲಿ ಸಾಯ್ತವೆ, ತಿನ್ನೋಕೆ ಏನಿದೆ ಹೊರಗೆ — ಎಲ್ಲರ ಮುಂದೆ ಅಂದಳು, ಸಾಲದ್ದಕ್ಕೆ ಮೆಮೋ ಕೊಟ್ಟಳು, ಅವನು ಕನ್ನಡಕ ತೆಗೆದು ಒರೆಸಿಕೊಂಡು ಸಹಿ ಹಾಕಿ ತೆಗೆದುಕೊಂಡ, ತನ್ನ ನಿವೃತ್ತಿಯ ದಿನವೂ ಅವಳೊಂದಿಗೆ ಮಾತಾಡಲಿಲ್ಲ, ಸತ್ತ ಸುದ್ದಿ ಅವಳಿಗೆ ತಿಳಿದದ್ದು ತಿಂಗಳಾದ ಮೇಲೆ, ಬ್ಯಾಂಕಿನ ಸಾಲಿನಲ್ಲಿ ನಿಂತಾಗ. ಇವು ಅವನು ಬಿಟ್ಟವುಗಳ ಸಂತಾನವೇ ಎನ್ನಲಿಕ್ಕೆ ಪುರಾವೆಯಿಲ್ಲ, ಎಲ್ಲಿಂದಲೋ ಹಾರಿ ಬಂದಿರಬಹುದು, ಪ್ರಬಂಧದಲ್ಲಿ ಹಾಗೇ ಬರೆಯಬೇಕು, ಬರೆಯುತ್ತಾಳೆ, ಕಡ್ಡಿ ಕತ್ತರಿಸಿ ಗಾಜಿನ ಕೊಳವೆಗೆ ಹಾಕಿ ಹತ್ತಿ ತುರುಕುತ್ತಾಳೆ, ಸಂಜೆಗೇ ಆ ಹುಡುಗಿಗೆ ಫೋನು ಮಾಡಬೇಕು, ಸಿಕ್ಕಿತಮ್ಮ ಎನ್ನಬೇಕು — ಮೊದಲು ಹೇಳಬೇಕಾದವನಿಗೆ ಏನೆಂದು ಹೇಳುವುದು, ಮೂರ್ಖ ಅಂದೆನಲ್ಲ, ಕೊಳವೆಯನ್ನು ಬಿಸಿಲಿಗೆ ಹಿಡಿದಳು, ಮೂರರೊಳಗೆ ಕಣಜ ಇನ್ನೂ ಇದೆ, ನಾಲ್ಕನೆಯದರ ಬೆನ್ನಿನಲ್ಲಿ ತೂತು, ಸೂಜಿಮೊನೆಯಷ್ಟು, ಕೊರೆದ ಹಾಗೆ ದುಂಡಗೆ, ಕಣಜ ತಾನೇ ಬಾಗಿಲು ತೆಗೆದು ಹಾರಿ ಹೋಗಿಯಾಗಿದೆ, ಫೋನು, ಬಸ್ಸು ಐದೂವರೆಗೆ, ಭೂತಗನ್ನಡಿಯಲ್ಲಿ ಮತ್ತೆ ಅದೇ ತೂತು, ಅಂಚು ಎಷ್ಟು ನುಣುಪು, ಒಳಗೆ ಖಾಲಿ — ದುಂಡಗಿನ ತೂತು — ದುಂಡಗೆ —